ಹವಳದ ಟ್ಯಾಂಕಿಗೆ ಎಷ್ಟು ದೊಡ್ಡ ಲೈಟ್ ಬೇಕು?

ವಿಜಯಪುರದಲ್ಲಿ ಅಕ್ವೇರಿಯಂ ಹವ್ಯಾಸಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೊನೆಯಲ್ಲಿ ಕೇಳಿದ ಮೂರು ಪ್ರಶ್ನೆಗಳನ್ನೂ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಸಮುದ್ರದ ನೀರಿನ ಟ್ಯಾಂಕ್ ಇಟ್ಟು ಹವಳ ಬೆಳೆಸಬೇಕು ಎಂದು ಹೊರಟವರು ಅಂಗಡಿಗೆ ಹೋಗಿ ಕೇಳುವುದು ಬಹುಮಟ್ಟಿಗೆ ಹೀಗೆ: "ನಂದು ಇನ್ನೂರು ಲೀಟರ್ ಟ್ಯಾಂಕ್, ಎಷ್ಟು ವ್ಯಾಟಿನ ಲೈಟ್ ಕೊಡ್ತೀರಿ?" ಹೀಟರಿಗೆ, ಫಿಲ್ಟರಿಗೆ, ಉಪ್ಪಿಗೆ ಲೀಟರಿನ ಲೆಕ್ಕ ಸರಿ. ಲೈಟಿಗೆ ಅದು ಹೊಂದುವುದಿಲ್ಲ. ಎರಡು ಟ್ಯಾಂಕ್ ತೆಗೆದುಕೊಳ್ಳಿ. ಒಂದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಇನ್ನೊಂದು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡೂಕಾಲು ಅಡಿ ಎತ್ತರ. ಎರಡರಲ್ಲೂ ಹಿಡಿಯುವುದು ಸರಿಸುಮಾರು 190 ಲೀಟರ್. ಆದರೆ ಮೊದಲನೆಯದರ ತಳ ನಾಲ್ಕೂವರೆ ಚದರ ಅಡಿ, ಎರಡನೆಯದು ಮೂರೇ ಚದರ ಅಡಿ. ಮೊದಲನೆಯದಕ್ಕೆ ಬೆಳಕು ಅಗಲವಾಗಿ ಹರಡಬೇಕು, ಎರಡನೆಯದಕ್ಕೆ ಆಳಕ್ಕೆ ಇಳಿಯಬೇಕು. ಒಂದಕ್ಕೆ ಒಪ್ಪುವ ಲೈಟ್ ಇನ್ನೊಂದಕ್ಕೆ ಒಪ್ಪುವುದಿಲ್ಲ.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರು ಇಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಬಾವಿಯಲ್ಲಿ ಎಷ್ಟು ನೀರಿದೆ ಎಂದು ನೋಡಿ ಯಾರೂ ನೋಜಲ್ ಎಣಿಸುವುದಿಲ್ಲ. ಹೊಲ ಎಷ್ಟು ಉದ್ದ, ಎಷ್ಟು ಅಗಲ, ಒಂದು ನೋಜಲ್ ಎಷ್ಟು ದೂರ ಎರಚುತ್ತದೆ, ಒಂದರ ಸುತ್ತು ಇನ್ನೊಂದರ ಸುತ್ತಿನ ಮೇಲೆ ಎಷ್ಟು ಬೀಳುತ್ತದೆ ಎಂದು ನೋಡುತ್ತೀರಿ. ಮೂಲೆ ಒಣಗಿ ನಡುವೆ ಕೆಸರಾದರೆ ಪಂಪ್ ದೊಡ್ಡದಿದ್ದು ಪ್ರಯೋಜನವಿಲ್ಲ. ಟ್ಯಾಂಕಿನ ಮೇಲೆ ಲೈಟ್ ಕೂರಿಸುವುದೂ ಇದೇ ಕೆಲಸ. ಲೈಟಿನ ಸೈಜ್ ಎಂದರೆ ವ್ಯಾಟ್ ಒಂದೇ ಅಲ್ಲ. ಅದರ ಉದ್ದ, ಲೆನ್ಸಿನ ಕೋನ, ತೂಗುವ ಎತ್ತರ, ಎಷ್ಟು ಲೈಟ್ ಎಂಬ ಎಣಿಕೆ ಎಲ್ಲವೂ ಅದರಲ್ಲಿ ಸೇರಿವೆ.

ಹವಳಕ್ಕೆ ಬೆಳಕು ಏಕೆ ಬೇಕು ಎಂಬುದನ್ನು ಬೇಗ ಮುಗಿಸುತ್ತೇನೆ. ಹವಳ ಒಂದು ಪ್ರಾಣಿ. ಅದರ ಮೈಯ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಏಕಕೋಶ ಪಾಚಿ ವಾಸವಾಗಿರುತ್ತದೆ. ಆ ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ಲಕ್ಷದ್ವೀಪದಲ್ಲಾಗಲಿ, ಮನ್ನಾರ್ ಕೊಲ್ಲಿಯಲ್ಲಾಗಲಿ, ನಮ್ಮದೇ ಕರಾವಳಿಯ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಾಗಲಿ ಹವಳ ನಡೆಸುವ ಸಂಸಾರ ಇದೇ. ಸಮುದ್ರದಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರಿನಲ್ಲಿ ಇಂಗಿಹೋಗುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ರೀಫ್ ಲೈಟಿನಲ್ಲಿ, ಅಂದರೆ ಹವಳದ ಟ್ಯಾಂಕಿಗೆಂದೇ ಮಾಡಿದ ಲೈಟಿನಲ್ಲಿ, 450 ನ್ಯಾನೋಮೀಟರ್ ಆಸುಪಾಸಿನ ಕಡುನೀಲಿಯೇ ಹೆಚ್ಚು, ಜೊತೆಗೆ 470ರ ನೀಲಿ, ಸ್ವಲ್ಪ ನೇರಳೆ, ಕಣ್ಣಿಗೆ ಹಿತವಾಗಲೆಂದು ಸ್ವಲ್ಪ ಬಿಳಿ. ಸಿಹಿನೀರಿನ ಗಿಡದ ಟ್ಯಾಂಕಿನ 6500 ಕೆಲ್ವಿನ್ ಲೈಟ್ ಇದೇ ಅಳತೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂದು ತರಬೇಡಿ. ಅದರಲ್ಲಿ ಕೆಂಪು, ಹಸಿರು ಜಾಸ್ತಿ. ಕಲ್ಲಿನ ಮೇಲಿನ ಬೇಡದ ಪಾಚಿಗೆ ಅದು ಹಬ್ಬ.

ಬೆಳಕನ್ನು ಅಳೆಯುವುದು ಪಾರ್ ಎಂಬ ಲೆಕ್ಕದಲ್ಲಿ. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಮೇಲೆ ಒಂದು ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ (ಕಣಗಳನ್ನು ಎಣಿಸುವ ಅಳತೆ) ಬೀಳುತ್ತವೆ ಎಂಬುದು ಪಾರ್. ನಡುಹಗಲಿನ ಬಯಲು ಬಿಸಿಲು ಸುಮಾರು 2000. ಮನೆಯ ಹವಳಕ್ಕೆ ಅಷ್ಟು ಬೇಡ. ಮಶ್ರೂಮ್, ಲೆದರ್, ಜೋಆಂತಿಡ್ ಮುಂತಾದ ಸಾಫ್ಟ್ ಕೋರಲ್‌ಗೆ, ಅಂದರೆ ಮೆತ್ತನೆ ಹವಳಕ್ಕೆ, 50ರಿಂದ 120 ಸಾಕು. ಹ್ಯಾಮರ್, ಟಾರ್ಚ್ ಮುಂತಾದ ಎಲ್‌ಪಿಎಸ್‌ಗೆ, ಅಂದರೆ ದೊಡ್ಡ ಪಾಲಿಪ್ಪಿನ (ಹವಳದ ಒಂದೊಂದು ಬಾಯಿಯ) ಗಟ್ಟಿ ಹವಳಕ್ಕೆ, 75ರಿಂದ 150. ಅಕ್ರೊಪೋರಾ, ಮಾಂಟಿಪೋರಾ ಮುಂತಾದ ಎಸ್‌ಪಿಎಸ್‌ಗೆ, ಅಂದರೆ ಸಣ್ಣ ಪಾಲಿಪ್ಪಿನ ಗಟ್ಟಿ ಹವಳಕ್ಕೆ, 200ರಿಂದ 350. ನಿಮ್ಮ ಟ್ಯಾಂಕಿನಲ್ಲಿ ಏನು ಬೆಳೆಯಬೇಕು ಎಂದು ಮೊದಲೇ ನಿಶ್ಚಯಿಸಿ, ಆಮೇಲೆ ಲೈಟಿನ ಮಾತು.

ಹವಳದ ಮಾತು ಬಂತಲ್ಲ, ಒಂದು ಎಚ್ಚರಿಕೆ ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಸಮುದ್ರದ ಗಟ್ಟಿ ಹವಳಗಳಿಗೆ 2001ರಿಂದ ರಕ್ಷಣೆ ಇದೆ. ಅದನ್ನು ಕಿತ್ತು ತರುವುದೂ ಮಾರುವುದೂ ಅಪರಾಧ. ಕೊಳ್ಳುವ ಮುನ್ನ ಅದು ಎಲ್ಲಿಯದು, ಕಾಗದಪತ್ರ ಏನಿದೆ ಎಂದು ಕೇಳಿ. ಕಾಗದ ತೋರಿಸದವರ ಹತ್ತಿರ ಕೊಳ್ಳಬೇಡಿ.

ವ್ಯಾಟಿನ ಲೆಕ್ಕ

ಈಗ ಮೂರಡಿ ಟ್ಯಾಂಕನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಉದ್ದ 91 ಸೆಂಟಿಮೀಟರ್, ಅಗಲ 46. ತಳ ಸುಮಾರು 0.42 ಚದರ ಮೀಟರ್. ಸಾಫ್ಟ್, ಎಲ್‌ಪಿಎಸ್ ಬೆರಕೆ ಇದ್ದು ಮೇಲ್ಗಡೆ ಒಂದೆರಡು ಮಾಂಟಿಪೋರಾ ಇವೆ ಎಂದುಕೊಳ್ಳಿ, ಸರಾಸರಿ 150 ಪಾರ್ ಬೇಕು. 0.42ನ್ನು 150ರಿಂದ ಗುಣಿಸಿದರೆ 63. ಅಂದರೆ ಸೆಕೆಂಡಿಗೆ 63 ಮೈಕ್ರೊಮೋಲ್ ಹವಳದ ಮಟ್ಟಕ್ಕೆ ತಲುಪಬೇಕು. ಲೈಟಿನಿಂದ ಹೊರಟ ಬೆಳಕೆಲ್ಲ ಅಲ್ಲಿಗೆ ಬರುವುದಿಲ್ಲ. ಕೆಲವು ಟ್ಯಾಂಕಿನ ಹೊರಗೆ ಚೆಲ್ಲುತ್ತದೆ, ಕೆಲವು ನೀರಿನ ಮೇಲ್ಮೈಯಿಂದ ಹಿಂದಿರುಗುತ್ತದೆ, ಕೆಲವನ್ನು ನೀರೂ ಗಾಜಿನ ಮೇಲಿನ ಪಾಚಿಯೂ ನುಂಗುತ್ತವೆ. ಅರ್ಧ ಹೋಯಿತು ಎಂದು ಹಿಡಿಯಿರಿ. ಹಾಗಾದರೆ ಲೈಟಿನಿಂದ 126 ಹೊರಡಬೇಕು. ಒಳ್ಳೆಯ ಎಲ್‌ಇಡಿ ಲೈಟ್ ಒಂದು ವ್ಯಾಟಿಗೆ ಒಂದೂವರೆ ಮೈಕ್ರೊಮೋಲ್ ಕೊಡುತ್ತದೆ ಎಂದು ಇಟ್ಟುಕೊಂಡರೆ 84 ವ್ಯಾಟ್ ಬೇಕು. ಸ್ವಲ್ಪ ಕೈಯಲ್ಲಿರಲಿ ಎಂದು 100 ವ್ಯಾಟ್ ತನಕ ಹೋಗಬಹುದು.

ಪ್ರತಿ ಸಲ ಇಷ್ಟು ಗುಣಾಕಾರ ಮಾಡಬೇಕಾಗಿಲ್ಲ. ಇದನ್ನೇ ಚದರ ಅಡಿಗೆ ಇಳಿಸಿದರೆ ನೆನಪಿಡಲು ಸುಲಭ. ಬರೀ ಸಾಫ್ಟ್ ಕೋರಲ್ ಇದ್ದರೆ ತಳದ ಒಂದು ಚದರ ಅಡಿಗೆ 10 ವ್ಯಾಟ್. ಬೆರಕೆ ಟ್ಯಾಂಕಿಗೆ 20 ವ್ಯಾಟ್. ಎಸ್‌ಪಿಎಸ್ ತುಂಬಿಸುವ ಇರಾದೆ ಇದ್ದರೆ 35ರಿಂದ 40. ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಈ ಲೆಕ್ಕ ನೇರವಾಗಿ ಹೊಂದುತ್ತದೆ. ಎರಡು ಅಡಿ ದಾಟಿದ ಎತ್ತರದಲ್ಲಿ ತಳದ ಮೇಲೆ ಹವಳ ಇಡುವುದಾದರೆ ಕಾಲು ಪಾಲು ಹೆಚ್ಚು ಬೇಕು, ಇಲ್ಲವೇ ಹವಳ ಕೂರಿಸುವ ಕಲ್ಲನ್ನು ಮೇಲಕ್ಕೆ ಕಟ್ಟಬೇಕು. ಕಲ್ಲು ಕಟ್ಟುವುದು ಅಗ್ಗ.

ಇಲ್ಲಿ ವ್ಯಾಟ್ ಎಂದರೆ ಪ್ಲಗ್ಗಿನಲ್ಲಿ ಎಳೆಯುವ ನಿಜವಾದ ವ್ಯಾಟ್. ಪೆಟ್ಟಿಗೆಯ ಮೇಲೆ 165 ಎಂದು ಬರೆದ ಅಗ್ಗದ ಲೈಟುಗಳು ಬಹಳ ಬರುತ್ತವೆ. ಒಳಗೆ 55 ಎಲ್‌ಇಡಿ ಇರುತ್ತವೆ, ಒಂದೊಂದು 3 ವ್ಯಾಟಿನದು ಎಂದು ಗುಣಿಸಿ 165 ಎಂದು ಬರೆದಿರುತ್ತಾರೆ. ಒಂದೊಂದನ್ನೂ ಪೂರ್ತಿ 3 ವ್ಯಾಟಿಗೆ ಓಡಿಸಿರುವುದಿಲ್ಲ. ಗೋಡೆಯ ಪ್ಲಗ್ಗಿಗೆ ಹಾಕುವ ಪುಟ್ಟ ವ್ಯಾಟ್‌ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಅಂಗಡಿಗೆ ಅದನ್ನು ಒಯ್ದು ಅಲ್ಲೇ ನೋಡಿ. ಲೈಟ್ ಕೆಟ್ಟದ್ದು ಎಂದಲ್ಲ, ಅದು ಎಷ್ಟರದು ಎಂದು ನಿಮಗೆ ಗೊತ್ತಿರಬೇಕು.

ಬೆಳಕು ಎಲ್ಲಿ ಬೀಳುತ್ತದೆ

ವ್ಯಾಟ್ ಸಿಕ್ಕಿತು. ಅದನ್ನು ಒಂದೇ ಲೈಟಿನಲ್ಲಿ ಕೊಡುವುದೋ, ಎರಡರಲ್ಲೋ, ಉದ್ದನೆಯ ಪಟ್ಟಿಯಲ್ಲೋ? ಹೆಚ್ಚಿನವರು ಎಡವುವುದು ಇಲ್ಲಿ, ಅದಕ್ಕೇ ಇದರ ಮೇಲೆ ತುಸು ಹೊತ್ತು ನಿಲ್ಲುತ್ತೇನೆ.

ಎಲ್‌ಇಡಿಯ ಮುಂದೆ ಲೆನ್ಸ್ ಇರುತ್ತದೆ. ಸಾಮಾನ್ಯವಾಗಿ 90 ಡಿಗ್ರಿ ಇಲ್ಲವೇ 120 ಡಿಗ್ರಿ. 90 ಡಿಗ್ರಿ ಲೆನ್ಸಿನ ಬೆಳಕು, ಎಷ್ಟು ಎತ್ತರದಲ್ಲಿ ತೂಗಿದ್ದೀರೋ ಅದರ ಎರಡರಷ್ಟು ಅಗಲದ ವೃತ್ತವಾಗಿ ನೀರಿನ ಮೇಲೆ ಬೀಳುತ್ತದೆ. 20 ಸೆಂಟಿಮೀಟರ್ ಎತ್ತರದಲ್ಲಿದ್ದರೆ 40 ಸೆಂಟಿಮೀಟರ್. 120 ಡಿಗ್ರಿಯದು ಎತ್ತರದ ಸುಮಾರು ಮೂರೂವರೆ ಪಟ್ಟು. ಅದೇ 20 ಸೆಂಟಿಮೀಟರಿಗೆ 69. ಈ ಗೆರೆಯ ಆಚೆ ಕತ್ತಲೆ ಎಂದಲ್ಲ, ಅಲ್ಲಿಂದಾಚೆಗೆ ಬೆಳಕು ಬೇಗ ತೆಳುವಾಗುತ್ತದೆ.

ಈಗ 46 ಸೆಂಟಿಮೀಟರ್ ಅಗಲದ ಟ್ಯಾಂಕಿನ ಮೇಲೆ 120 ಡಿಗ್ರಿಯ ಲೈಟನ್ನು 20 ಸೆಂಟಿಮೀಟರ್ ಎತ್ತರದಲ್ಲಿ ತೂಗಿದರೆ ಏನಾಗುತ್ತದೆ? ವೃತ್ತ 69, ಟ್ಯಾಂಕ್ 46. ಮುಂದೆ ಹನ್ನೊಂದೂವರೆ, ಹಿಂದೆ ಹನ್ನೊಂದೂವರೆ ಸೆಂಟಿಮೀಟರ್ ಬೆಳಕು ನೆಲದ ಮೇಲೆ, ಗೋಡೆಯ ಮೇಲೆ, ಸೋಫಾದಲ್ಲಿ ಕುಳಿತವರ ಕಣ್ಣಿಗೆ. ಅದಕ್ಕೂ ಕರೆಂಟ್ ಬಿಲ್ ಕಟ್ಟುತ್ತಿದ್ದೀರಿ. ಒಂದೂವರೆ ಅಡಿ ಅಗಲದ ಟ್ಯಾಂಕಿಗೆ 120ರ ಲೆನ್ಸ್ ಇದ್ದರೆ 13ರಿಂದ 15 ಸೆಂಟಿಮೀಟರಿಗೆ ಇಳಿಸಿ. 90ರದಾದರೆ 23 ಸೆಂಟಿಮೀಟರ್ ಸರಿಯಾಗಿ ಕೂರುತ್ತದೆ. ಎರಡು ಅಡಿ ಅಗಲದ ಟ್ಯಾಂಕಿಗೆ 120ರ ಲೆನ್ಸನ್ನು 18ರಿಂದ 20ರಲ್ಲಿ ತೂಗಬಹುದು.

ಹೊರಗೆ ಚೆಲ್ಲುವುದರ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನೀರೊಳಗೆ ಒಮ್ಮೆ ಹೊಕ್ಕ ಬೆಳಕು ಸುಲಭವಾಗಿ ಹೊರಬರುವುದಿಲ್ಲ. ಗಾಳಿಯಿಂದ ನೀರಿಗೆ ಇಳಿಯುವಾಗ ಕಿರಣ ಲಂಬದ ಕಡೆಗೆ ಬಾಗುತ್ತದೆ: 60 ಡಿಗ್ರಿ ಓರೆಯಾಗಿ ಬಂದದ್ದು ನೀರಿನಲ್ಲಿ ಸುಮಾರು 40 ಡಿಗ್ರಿಗೆ ತಿರುಗುತ್ತದೆ, 45 ಡಿಗ್ರಿಯದು 32ಕ್ಕೆ. ಹೀಗೆ ನೆಟ್ಟಗಾದ ಕಿರಣ ಪಕ್ಕದ ಗಾಜಿಗೆ ಬಡಿದಾಗ ಆಚೆಯ ಗಾಳಿಗೆ ದಾಟಲಾರದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಅಂದರೆ ಶುಭ್ರವಾದ ಗಾಜು ಕನ್ನಡಿಯ ಕೆಲಸ ಮಾಡುತ್ತದೆ. ಟ್ಯಾಂಕಿನಲ್ಲಿ ಆಳಕ್ಕೆ ಹೋದಂತೆ ಬೆಳಕು ನಾವು ಅಂದುಕೊಂಡಷ್ಟು ಬೀಳದಿರುವುದಕ್ಕೆ ಇದೇ ಕಾರಣ. ಹಿಂದಿನ ಗಾಜು, ಪಕ್ಕದ ಗಾಜು ಯಾರಿಗೆ ಕಾಣುತ್ತದೆ ಎಂದು ಪಾಚಿ ಬಿಟ್ಟವರು ಈ ಕನ್ನಡಿಯನ್ನು ಕಳೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ನಾಲ್ಕೂ ಕಡೆ ಉಜ್ಜಿ.

ಉದ್ದದ ದಿಕ್ಕಿನಲ್ಲಿ ಲೆಕ್ಕ ಇನ್ನೂ ನೇರ. ಒಂದು ಬಿಂದುವಿನಂತಹ ಲೈಟ್, ಅಂದರೆ ಅಂಗೈಯಗಲದ ಪೆಟ್ಟಿಗೆಯಂತಿರುವುದು, ಎರಡು ಅಡಿ ಉದ್ದವನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಮೂರಡಿಗೆ ಅಂಥದ್ದೊಂದನ್ನೇ ನಡುವೆ ತೂಗಿ 100 ವ್ಯಾಟ್ ಕೊಟ್ಟರೆ ನಡುವಿನ ಹವಳ ಬಿಳಿಚಿಕೊಳ್ಳುತ್ತದೆ, ತುದಿಯದು ಬೆಳಕು ಸಾಲದೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದೇ 100 ವ್ಯಾಟನ್ನು 50ರ ಎರಡು ಲೈಟಾಗಿ ಒಡೆದು ಎಡತುದಿಯಿಂದ 9 ಇಂಚಿಗೆ ಒಂದು, 27 ಇಂಚಿಗೆ ಇನ್ನೊಂದು ತೂಗಿ. ಒಂದರ ಅಂಚು ಇನ್ನೊಂದರ ಅಂಚಿನ ಮೇಲೆ ಬಿದ್ದು ಎರಡೂ ಸೇರಿ ಸಮವಾಗುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಟ್ಯಾಂಕಿಗೆ ತಳ ಎಂಟು ಚದರ ಅಡಿ, ಬೆರಕೆಗೆ 160 ವ್ಯಾಟ್. 80ರಿಂದ 100 ವ್ಯಾಟಿನ ಎರಡು ಲೈಟ್, 12 ಇಂಚಿಗೆ ಒಂದು, 36 ಇಂಚಿಗೆ ಒಂದು. ನಾಲ್ಕಡಿ ಟ್ಯಾಂಕಿನ ನಡುವೆ ಸಾಮಾನ್ಯವಾಗಿ ಗಾಜಿನ ಅಡ್ಡಪಟ್ಟಿ ಅಂಟಿಸಿರುತ್ತಾರೆ. ಎರಡು ಲೈಟ್ ಅದರ ಆಚೀಚೆ ಬರುವುದರಿಂದ ಪಟ್ಟಿಯ ನೆರಳಿನ ತೊಂದರೆಯೂ ತಪ್ಪುತ್ತದೆ. ಒಂದೇ ಲೈಟ್ ನಡುವೆ ತೂಗಿದವರು ಸರಿಯಾಗಿ ಪಟ್ಟಿಯ ಮೇಲೆಯೇ ಬೆಳಕು ಸುರಿಯುತ್ತಿರುತ್ತಾರೆ, ಆ ಪಟ್ಟಿಯ ಮೇಲೆ ಉಪ್ಪು ಕಟ್ಟಿರುತ್ತದೆ.

ಎರಡು ಲೈಟಿಗೆ ಇನ್ನೂ ಒಂದು ಗುಣವಿದೆ. ಬೆಳಕು ಒಂದೇ ಕಡೆಯಿಂದ ಬಂದರೆ ಕೊಂಬೆಕೊಂಬೆಯಾಗಿ ಬೆಳೆಯುವ ಹವಳದ ಕೆಳಮೈ ಸದಾ ನೆರಳಿನಲ್ಲಿ ಉಳಿದು ಮೆಲ್ಲಗೆ ಸಾಯುತ್ತದೆ. ಎರಡು ಕಡೆಯಿಂದ ಬಂದರೆ ನೆರಳು ತೆಳುವಾಗುತ್ತದೆ. ಹೊಲದ ಬದುವಿನ ಬೇವಿನ ಮರದಡಿಯ ಜೋಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉದ್ದನೆಯ ಫಿಟ್ಟಿಂಗ್ ಕೊಳ್ಳುವುದಾದರೆ ಟೇಪ್ ಹಿಡಿದು ಕೊಳ್ಳಿ. ಟಿ5 ಹೈ ಔಟ್‌ಪುಟ್ ಎಂಬ ತೆಳು ಟ್ಯೂಬ್‌ಲೈಟುಗಳ ಉದ್ದ ನಿಗದಿಯಾದದ್ದು: 24 ವ್ಯಾಟಿನದು 549 ಮಿಲಿಮೀಟರ್, 39 ವ್ಯಾಟಿನದು 849, 54ರದು 1149, 80ರದು 1449. ಕ್ರಮವಾಗಿ ಎರಡು, ಮೂರು, ನಾಲ್ಕು, ಐದು ಅಡಿಯ ಟ್ಯಾಂಕಿಗೆ. ಟ್ಯೂಬಿನ ಎರಡೂ ತುದಿಗೆ ಹೋಲ್ಡರ್ ಸೇರಿ ಮೂರಡಿ ಫಿಟ್ಟಿಂಗ್ 91 ಸೆಂಟಿಮೀಟರ್ ಹತ್ತಿರ ಬರುತ್ತದೆ. ಬಯಲಾಗಿ ತೂಗಿದರೆ ಚಿಂತೆಯಿಲ್ಲ. ಆದರೆ ಬಡಗಿಯಿಂದ 18 ಮಿಲಿಮೀಟರ್ ಪ್ಲೈವುಡ್ಡಿನ ಮುಚ್ಚಳ ಮಾಡಿಸಿ, ಅದು ಟ್ಯಾಂಕಿನ ಹೊರಮೈಗೆ ಸಮನಾಗಿ ಕೂರಬೇಕು ಎಂದರೆ ಒಳಗಿನ ಉದ್ದ 36 ಮಿಲಿಮೀಟರ್ ಕಡಿಮೆಯಾಗುತ್ತದೆ. ಫಿಟ್ಟಿಂಗ್ ಒಳಗೆ ಹೋಗುವುದೇ ಇಲ್ಲ. ಸ್ಥಳೀಯವಾಗಿ ಕಟ್ಟಿದ ಟ್ಯಾಂಕಿನಲ್ಲಿ ಮೂರಡಿ ಎಂದರೆ ಹೊರಗಿನಿಂದ ಮೂರಡಿಯೋ ಒಳಗಿನಿಂದಲೋ ಎಂಬುದು ಒಬ್ಬೊಬ್ಬರದು ಒಂದೊಂದು. 8 ಮಿಲಿಮೀಟರ್ ಗಾಜಾದರೆ ಎರಡೂ ಬದಿ ಸೇರಿ 16 ಮಿಲಿಮೀಟರ್ ವ್ಯತ್ಯಾಸ. ಎಲ್‌ಇಡಿ ಪಟ್ಟಿಗಳ ಕಾಲುಗಳು ಗಾಜಿನ ಅಂಚಿನ ಮೇಲೆ ಕೂರುತ್ತವೆ. ಅವು ಎಷ್ಟು ಹಿಗ್ಗುತ್ತವೆ, ಎಷ್ಟು ದಪ್ಪದ ಗಾಜನ್ನು ಹಿಡಿಯುತ್ತವೆ ಎಂದು ನೋಡಿ.

ಟಿ5 ಬೆಳಕು ಹರಡುವುದರಲ್ಲಿ ಈಗಲೂ ಚೆಂದ, ನೆರಳೇ ಕಾಣದು. ಆದರೆ ಟ್ಯೂಬುಗಳನ್ನು 9ರಿಂದ 12 ತಿಂಗಳಿಗೆ ಬದಲಿಸಬೇಕು, ರೀಫ್ ಟ್ಯೂಬುಗಳು ನಮ್ಮ ಕಡೆಯ ಅಂಗಡಿಯಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸಿದರೆ ದಾರಿಯಲ್ಲಿ ಒಡೆಯುವ ಭಯ. ತೀರ ಕಾಯುವ ಮೆಟಲ್ ಹ್ಯಾಲೈಡ್ ಬಲ್ಬಿನ ಬಗ್ಗೆ ಒಂದೇ ಮಾತು: ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಬೇಡ. ಇಂದು ಹೊಸದಾಗಿ ಶುರು ಮಾಡುವವರಿಗೆ ಮಂದ ಮಾಡಬಲ್ಲ, ನೀಲಿ ಮತ್ತು ಬಿಳಿಯನ್ನು ಬೇರೆ ಬೇರೆ ಹೊಂದಿಸಬಲ್ಲ ಎಲ್‌ಇಡಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಸಿಗೆ ಮತ್ತು ಕರೆಂಟು

ಲೈಟಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ತಂಪು ದೇಶದವರು. ಅಲ್ಲಿ ಲೈಟಿನ ಬಿಸಿ ಉಪಕಾರ, ಇಲ್ಲಿ ಅದು ಹೊರೆ. ಹವಳಕ್ಕೆ 25, 26 ಡಿಗ್ರಿ ಬೇಕು. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ, ಮೇಲಂತಸ್ತಿನ ಆರ್‌ಸಿಸಿ ಸೂರಿನ ಕೆಳಗೆ ರಾತ್ರಿಯೂ ಕಾವು ಇಳಿಯುವುದಿಲ್ಲ. ಮೂರಡಿ ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದು 160 ಲೀಟರ್ ನೀರು ಉಳಿಯುತ್ತದೆ ಎನ್ನಿ. 100 ವ್ಯಾಟಿನ ಲೈಟ್ 9 ಗಂಟೆ ಉರಿದು ಅದರ ಅರ್ಧ ಶಕ್ತಿ ನೀರಿಗೆ ಸೇರಿದರೆ, ಬೇರೆ ದಾರಿಯಲ್ಲಿ ಕಾವು ಹೊರಹೋಗದಿದ್ದರೆ, ನೀರು ಎರಡೂವರೆ ಡಿಗ್ರಿ ಏರುತ್ತದೆ. ಬೇಕಾದ್ದಕ್ಕಿಂತ ಎರಡರಷ್ಟು ಲೈಟ್ ಕೊಂಡು ಪೂರ್ತಿ ಉರಿಸಿದರೆ ಐದು ಡಿಗ್ರಿ. ದೊಡ್ಡದು ಇರಲಿ ಬಿಡಿ ಎನ್ನುವುದು ನಮ್ಮ ಊರಿಗೆ ಒಗ್ಗದು ಎಂದು ಹೇಳುವುದು ಇದಕ್ಕೇ.

ಇಲ್ಲಿನ ಒಣ ಗಾಳಿ ನಮ್ಮ ಪರವಾಗಿದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 24 ಲಕ್ಷ ಜೂಲ್ ಶಾಖ ಒಯ್ಯುತ್ತದೆ; ಮೇಲೆ ಹೇಳಿದ ಲೈಟ್ ನೀರಿಗೆ ಕೊಟ್ಟದ್ದು 16 ಲಕ್ಷ. ಅಂದರೆ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವ ಒಂದೆರಡು ಸಣ್ಣ ಫ್ಯಾನ್ ದಿನಕ್ಕೆ ಒಂದು ಲೀಟರ್ ಆವಿ ಮಾಡಿದರೂ ಲೈಟಿನ ಬಿಸಿ ತೀರಿಹೋಗುತ್ತದೆ. ಕೋಣೆಯ ಬಿಸಿ ಬೇರೆ. ಅದಕ್ಕೆ ಎಸಿಯೋ ನೀರು ತಂಪು ಮಾಡುವ ಚಿಲ್ಲರೋ ಬೇಕಾಗಬಹುದು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಿಸುವಾಗ ಉಪ್ಪುನೀರು ಹಾಕಬೇಡಿ, ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆಗೆ ಬಂದ ಆರ್‌ಒ-ಡಿಐ ನೀರನ್ನೇ, ಅಂದರೆ ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ತೆಗೆದ ನೀರನ್ನೇ ಹಾಕಿ. ನಮ್ಮ ಬೋರಿನ ನೀರು ಇದಕ್ಕೆ ಆಗಿಬರದು. ಬೆಳಗಾವಿಯವರಿಗೆ ಬೇಸಿಗೆ ಇಷ್ಟು ಕಠಿಣವಲ್ಲ. ಅಲ್ಲಿ ಮಳೆಗಾಲದ ತೇವದಲ್ಲಿ ಫ್ಯಾನಿನಿಂದ ಆವಿ ಕಡಿಮೆ, ಆದರೆ ಆಗ ಹವೆಯೇ ತಂಪಾಗಿರುತ್ತದೆ.

ಬೇಸಿಗೆಯಲ್ಲಿ ಲೈಟಿನ ಹೊತ್ತನ್ನು ಸಂಜೆಗೆ ಸರಿಸಿ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಉರಿಯುತ್ತಿದ್ದುದನ್ನು ದಿನಕ್ಕೆ ಅರ್ಧ ಗಂಟೆಯಂತೆ ಮುಂದೂಡಿ ಸಂಜೆ ಐದರಿಂದ ರಾತ್ರಿ ಎರಡರವರೆಗೆ ತನ್ನಿ. ಹಗಲು ಕಿಟಕಿಗೆ ಪರದೆ ಎಳೆದು ಕತ್ತಲೆ ಕಾಯ್ದರೆ ಹವಳಕ್ಕೆ ಅದೇ ಹಗಲು, ಅದೇ ರಾತ್ರಿ. ಲೈಟಿನ ಒಳಗಿನ ಫ್ಯಾನ್ ದಾರಿಗೆ ಉಪ್ಪಿನ ಪುಡಿ, ಧೂಳು ಕಟ್ಟಿದರೆ ಬೇಸಿಗೆಯಲ್ಲಿ ಎಲ್‌ಇಡಿಗೆ ಕರೆಂಟ್ ಕೊಡುವ ಡ್ರೈವರ್ ಕಾದು ತಾನಾಗಿ ಆರುತ್ತದೆ. ತಿಂಗಳಿಗೊಮ್ಮೆ ಬ್ರಶ್ಶಿನಿಂದ ಬಿಡಿಸಿ, ಲೆನ್ಸನ್ನು ಆರ್‌ಒ ನೀರಿನಲ್ಲಿ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿ.

100 ವ್ಯಾಟ್ 9 ಗಂಟೆ ಎಂದರೆ ತಿಂಗಳಿಗೆ 27 ಯೂನಿಟ್. ಕರೆಂಟ್ ಹೋದಾಗ ಲೈಟನ್ನು ಇನ್ವರ್ಟರಿಗೆ ಹಾಕಬೇಡಿ. ಒಂದು ದಿನ ಕತ್ತಲಾದರೆ ಹವಳ ಸಾಯುವುದಿಲ್ಲ, ನೀರು ಓಡಾಡದಿದ್ದರೆ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಬ್ಯಾಟರಿ ಪಂಪಿಗೆ ಮೀಸಲು. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆರಿಸುವ ಸ್ವಿಚ್, ಕಡ್ಡಾಯ. ಪ್ಲಗ್ಗಿಗೆ ಹೋಗುವ ವೈರ್ ಮೊದಲು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಆಮೇಲೆ ಮೇಲೇರಲಿ, ಹನಿ ಕೆಳಗೇ ಬೀಳುತ್ತದೆ. ಸೂರಿನಿಂದ ತೂಗುವವರು ಆರ್‌ಸಿಸಿ ಸ್ಲ್ಯಾಬಿಗೆ ಆಂಕರ್ ಬೋಲ್ಟ್ ಹೊಡೆಸಿ. ಪಿಒಪಿ ಫಾಲ್ಸ್ ಸೀಲಿಂಗಿಗೆ ಕೊಂಡಿ ಹಾಕಿದರೆ ಇಂದಲ್ಲ ನಾಳೆ ಲೈಟ್ ನೀರಿಗೆ ಬೀಳುತ್ತದೆ.

ತಂದ ಮೇಲೆ

ಹವಳ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ಟ್ಯಾಂಕಿನ ಉದ್ದ ಅಗಲಕ್ಕಿಂತ ಒಂದೊಂದು ಅಡಿ ದೊಡ್ಡದಾದ ಬಿಳಿ ರಟ್ಟು ತಂದು ಅದರ ಮೇಲೆ ಟ್ಯಾಂಕಿನ ಗೆರೆ ಎಳೆದು, ಗಾಜಿನ ಅಂಚಿನ ಮೇಲೆ ಇಡಿ. ರಾತ್ರಿ ಕೋಣೆಯ ದೀಪ ಆರಿಸಿ ಟ್ಯಾಂಕಿನ ಲೈಟ್ ಹಚ್ಚಿ. ಗೆರೆಯ ಆಚೆ ಎಷ್ಟು ಬೆಳಕು ಚೆಲ್ಲಿದೆ, ಒಳಗೆ ಎಲ್ಲಿ ಮಂಕು ಎಂದು ಕಣ್ಣಿಗೇ ಕಾಣುತ್ತದೆ. ಲಕ್ಸ್ ಮೀಟರ್ ಇದ್ದರೆ ಒಂಬತ್ತು ಕಡೆ ಇಟ್ಟು ಬರೆದುಕೊಳ್ಳಿ. ಲಕ್ಸ್ ಮೀಟರ್ ಮನುಷ್ಯನ ಕಣ್ಣಿನ ಲೆಕ್ಕದ್ದು, ನೀಲಿಯನ್ನು ತೀರ ಕಡಿಮೆ ತೋರಿಸುತ್ತದೆ. ಆದ್ದರಿಂದ ಅದರ ಅಂಕಿಯನ್ನು ಪಾರ್ ಎಂದು ತಿಳಿಯಬೇಡಿ, ನಡುವಿಗೂ ಮೂಲೆಗೂ ಇರುವ ಅನುಪಾತ ಮಾತ್ರ ನೋಡಿ. ಮೂರಕ್ಕೆ ಒಂದಕ್ಕಿಂತ ಹೆಚ್ಚು ಅಂತರವಿದ್ದರೆ ಲೈಟಿನ ಜಾಗ ಬದಲಿಸಿ. ನೀರೊಳಗೆ ಇಳಿಸುವ ಪಾರ್ ಮೀಟರ್ ದುಬಾರಿ. ನಾಲ್ಕೈದು ಮಂದಿ ಸೇರಿ ಒಂದು ಕೊಂಡರೆ ವರ್ಷಕ್ಕೆ ಎರಡು ಸಲ ಎಲ್ಲರ ಮನೆಗೂ ಸುತ್ತಬಹುದು.

ಹೊಸ ಲೈಟನ್ನು ಮೊದಲ ದಿನವೇ ನೂರಕ್ಕೆ ನೂರು ಉರಿಸಬೇಡಿ. 30ರಿಂದ 40 ಶೇಕಡದಿಂದ ಶುರುಮಾಡಿ ವಾರಕ್ಕೆ 5 ಶೇಕಡದಂತೆ ಏರಿಸಿ, ಹವಳವನ್ನು ಮೊದಲು ಕೆಳಗಿಟ್ಟು ಆಮೇಲೆ ಮೇಲೆ ತನ್ನಿ. ಅತಿ ಬೆಳಕಿನಲ್ಲಿ ಒಳಗಿನ ಪಾಚಿ ಹೆಚ್ಚು ಆಮ್ಲಜನಕ ಮಾಡಿ ಅದರ ಉಗ್ರ ರೂಪಗಳು ಅಂಗಾಂಶವನ್ನು ಸುಡುತ್ತವೆ, ಹವಳ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೆಳಕು ಸಾಲದಿದ್ದರೆ ತಿರುಗಾಮುರುಗ: ಬಣ್ಣ ಕಂದಾಗುತ್ತದೆ, ಜೋಆಂತಿಡ್ ಕತ್ತು ಉದ್ದ ಮಾಡಿ ಬೆಳಕಿನ ಕಡೆಗೆ ಎಳೆದುಕೊಳ್ಳುತ್ತದೆ. ಬರೀ ಮೇಲ್ಮೈ ಬಿಳಿಚಿ ನೆರಳಿನ ಭಾಗ ಚೆನ್ನಾಗಿದ್ದರೆ ತಪ್ಪು ಲೈಟಿನದು. ಮೇಲೆ ಕೆಳಗೆ ಎಲ್ಲ ಕಡೆ ಒಟ್ಟಿಗೆ ಬಿಳಿಚಿದರೆ ಮೊದಲು ಥರ್ಮಾಮೀಟರ್ ನೋಡಿ.

ಹವಳ ಬಿಳಿಚಲು ಬಹಳ ಮಂದಿಗೆ ಹೊಳೆಯದ ಒಂದು ಕಾರಣ ನೀರು ತಿಳಿಯಾಗಿಸಲು ಹಾಕುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್. ದಿನ ಕಳೆದಂತೆ ಟ್ಯಾಂಕಿನ ನೀರು ತುಸು ಹಳದಿಯಾಗುತ್ತದೆ, ಆ ಹಳದಿ ನೀಲಿ ಬೆಳಕನ್ನೇ ನುಂಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಮ್ಮೆಲೇ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿದರೆ ಎರಡೇ ದಿನದಲ್ಲಿ ನೀರು ತಿಳಿಯಾಗಿ, ಲೈಟ್ ಮುಟ್ಟದೆಯೇ ಬೆಳಕು ಏರುತ್ತದೆ, ಮೇಲಿನ ಹವಳ ಸುಡುತ್ತದೆ. ಕಾರ್ಬನ್ ಬದಲಿಸುವ ವಾರ ಲೈಟನ್ನು ಕಾಲು ಪಾಲು ಇಳಿಸಿ, ಇಲ್ಲವೇ ಕಾರ್ಬನ್ನನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಮಂದ ಮಾಡಲು ಬಾರದ ಲೈಟಿನವರು ಲೈಟ್ ತೂಗುವ ಸರಪಳಿ ಎತ್ತಬೇಕು: 20 ಸೆಂಟಿಮೀಟರಿನಿಂದ 30ಕ್ಕೆ ಏರಿಸಿದರೆ ಕೆಳಗಿನ ಹವಳಕ್ಕೆ ಬೆಳಕು ಚೆನ್ನಾಗಿಯೇ ಕಡಿಮೆಯಾಗುತ್ತದೆ.

ಸಭಿಕರ ಪ್ರಶ್ನೆಗಳು

"ಸರ, ನಮ್ಮದು ಎರಡೂವರಿ ಫೂಟಿನ ಟ್ಯಾಂಕ್ ಐತ್ರಿ. ಒಂದ ಲೈಟ್ ಸಾಕೇನ್ರಿ, ಎರಡ ಬೇಕೇನ್ರಿ?"

ಎರಡೂವರೆಗೆ ಒಂದೂವರೆ ಎಂದರೆ ಮೂರೂಮುಕ್ಕಾಲು ಚದರ ಅಡಿ, ಬೆರಕೆಗೆ 75 ವ್ಯಾಟ್. ಕಲ್ಲನ್ನು ನಡುವಿನ ಎರಡು ಅಡಿಯೊಳಗೆ ಕಟ್ಟಿ ತುದಿಗಳಲ್ಲಿ ಮರಳು ಬಿಡುವುದಾದರೆ 120 ಡಿಗ್ರಿಯ ಒಂದೇ ಲೈಟ್ ಸಾಕು. ತುದಿಯಲ್ಲಿ ಮಶ್ರೂಮ್ ಇಡಿ, ಅವಕ್ಕೆ ಮಂಕು ಬೆಳಕೇ ಹಿತ. ತುದಿಯ ತನಕ ಕಲ್ಲು ಬರುತ್ತದೆ, ಮೇಲೆ ಎಸ್‌ಪಿಎಸ್ ಬೇಕು ಎಂದರೆ ಎರಡು ಲೈಟಿಗೆ ಹೋಗಿ.

"ಹೊರಗ ಇಷ್ಟು ಬಿಸಲ ಐತಿ. ನಮ್ಮನಿ ಹಾಲಿನ್ಯಾಗ ಪಡುವಲ ಕಿಟಕಿ ಮುಂದ ಇಟ್ರ ಲೈಟ್ ಖರ್ಚ ಉಳಿತೈತಲ್ರಿ?"

ಅಕ್ಕಾರ, ಉಳಿಯುವುದು ಕರೆಂಟು, ಹೋಗುವುದು ಹವಳ. ಕಿಟಕಿಯ ಬಿಸಿಲು ಪಕ್ಕದಿಂದ ಬಂದು ಒಂದು ಬದಿಯನ್ನು ಮಾತ್ರ ಬೆಳಗುತ್ತದೆ. ಋತು ಬದಲಾದಂತೆ ಕೋನ ಬದಲಾಗುತ್ತದೆ, ಇವತ್ತು ನೆರಳಿದ್ದ ಜಾಗಕ್ಕೆ ಮುಂದಿನ ತಿಂಗಳು ಸುಡುಬಿಸಿಲು. ಪಡುವಣ ಬಿಸಿಲು ಬೀಳುವುದು ಕೋಣೆ ಅತಿ ಹೆಚ್ಚು ಕಾದಿರುವ ಹೊತ್ತಿನಲ್ಲಿ. ಟ್ಯಾಂಕನ್ನು ಒಳಗೋಡೆಗೆ ಇಡಿ.

"ಮುಂದಿನ ವರ್ಷ ನಾಕ ಫೂಟಿಂದು ಮಾಡಾಂವ ಅದೀನ್ರಿ, ಈಗ ಎರಡ ಫೂಟಿಂದು ಐತಿ. ಈಗ ದೊಡ್ಡ ಲೈಟ ತಗೊಂಡ್ರ ನಡಿತೈತೇನ್ರಿ?"

ನಾಲ್ಕಡಿ ಉದ್ದದ ಪಟ್ಟಿ ತೆಗೆದುಕೊಳ್ಳಬೇಡಿ, ಎರಡಡಿ ಟ್ಯಾಂಕಿನ ಮೇಲೆ ಅದರ ಅರ್ಧ ಬೆಳಕು ಹೊರಗೆ ಬೀಳುತ್ತದೆ. 80ರಿಂದ 100 ವ್ಯಾಟಿನ, ಮಂದ ಮಾಡಬಲ್ಲ ಒಂದು ಲೈಟ್ ಈಗ ಕೊಳ್ಳಿ. ಎರಡಡಿ ಉದ್ದ, ಒಂದೂವರೆ ಅಡಿ ಅಗಲಕ್ಕೆ 60 ವ್ಯಾಟ್ ಸಾಕಾದ್ದರಿಂದ ಅದನ್ನು 60ರಿಂದ 75 ಶೇಕಡಕ್ಕಿಂತ ಮೇಲೆ ಏರಿಸಬೇಡಿ. ನಾಲ್ಕಡಿಯದು ಕಟ್ಟಿದ ದಿನ ಅದೇ ಮಾದರಿಯ ಇನ್ನೊಂದು ತಂದು 12 ಇಂಚಿಗೆ ಒಂದು, 36 ಇಂಚಿಗೆ ಒಂದು ತೂಗಿ. ಮಾದರಿ ಬೇರೆಯಾದರೆ ಎರಡರ ನೀಲಿ ಹೊಂದುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಅದು ಒಂದು ವರ್ಷದ ಮೇಲೂ ಸಿಗುವ ಮಾದರಿಯೇ ಎಂದು ಅಂಗಡಿಯವರನ್ನು ಕೇಳಿಕೊಳ್ಳಿ.